ಕಳ್ಳ ಯಾರೆಂದು ಊರಿಗೇ ಗೊತ್ತಿದ್ದಾಗ

ಪತ್ತೇದಾರಿ ಕಾದಂಬರಿಗೊಂದು ಹಳೆಯ ಕರಾರಿದೆ: ಕೊಲೆಗಾರನ ಹೆಸರು ಕೊನೆಯ ಅಧ್ಯಾಯದವರೆಗೂ ಓದುಗರಿಗೆ ಗೊತ್ತಾಗಕೂಡದು. ಬೆಂಗಳೂರಿನ ಬಂಗಲೆಗೋ ಲಂಡನ್ನಿನ ಮಂಜಿಗೋ ಈ ಕರಾರು ಒಗ್ಗೀತು. ಚಾಮರಾಜನಗರ ಜಿಲ್ಲೆಗೆ ಒಗ್ಗುವುದು ಕಷ್ಟ. ಈ ಸೀಮೆಯ ಅತಿ ದೊಡ್ಡ ಅಪರಾಧದ ಕಥೆಯಲ್ಲಿ ಅಪರಾಧಿಯ ಹೆಸರು, ಹುಟ್ಟೂರು, ಮೀಸೆಯ ವೈಖರಿ ಎಲ್ಲವೂ ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಗೋಪಿನಾಥಂನಲ್ಲಿ ಹುಟ್ಟಿದ ಕಾಡುಗಳ್ಳ ವೀರಪ್ಪನ್ 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಬಿದ್ದ. ಅದೇ ವರ್ಷದ ಆಗಸ್ಟ್‌ನಲ್ಲಿ ಮೀಣ್ಯದ ಬಳಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವನ ಹೊಂಚಿಗೆ ಬಲಿಯಾದರು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಕರೆದೊಯ್ದು 108 ದಿನ ಕಾಡಿನಲ್ಲಿಟ್ಟುಕೊಂಡ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ಗುಂಡಿಗೆ ಬೀಳುವವರೆಗೆ ‘ಇದನ್ನು ಮಾಡಿದವರು ಯಾರು’ ಎಂದು ಕೇಳುವ ಪ್ರಸಂಗ ಬಂದದ್ದೇ ಅಪರೂಪ. ಆದರೂ ನಾಡು ಬೆಳಗಿನ ಪತ್ರಿಕೆಯನ್ನು ಉಸಿರು ಬಿಗಿಹಿಡಿದು ಓದಿತು. ಹೆಸರು ಮೊದಲ ಪುಟದಲ್ಲೇ ಬಯಲಾಗಿದ್ದರೂ ಇಳಿಯದ ಕುತೂಹಲ ಅದು. ಇವತ್ತು ಕನ್ನಡದಲ್ಲಿ ಕೈಗೆತ್ತಿಕೊಳ್ಳಲು ಯೋಗ್ಯವಾದ ಥ್ರಿಲ್ಲರುಗಳು ಇದೇ ಜಾತಿಯವು ಎಂಬುದು ನನ್ನ ವಾದ. ಗುಟ್ಟನ್ನು ಅವು ಒಬ್ಬ ಖಳನ ಎದೆಯಲ್ಲಿ ಬಚ್ಚಿಡುವುದಿಲ್ಲ. ನೆಲದಲ್ಲಿ, ಮನೆತನದಲ್ಲಿ, ಗುಡಿಯ ಕಲ್ಲಿನಲ್ಲಿ ಹೂತಿಡುತ್ತವೆ.

ವೀರಪ್ಪನ್ ಒಬ್ಬನೇ ಸಾಕ್ಷಿಯಾಗಿದ್ದರೆ ಅದನ್ನು ಅಪವಾದವೆಂದು ಬದಿಗಿಡಬಹುದಿತ್ತು. ಆದರೆ 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದ 17 ಮಂದಿ ಸತ್ತರು. ಬಾತಿನಲ್ಲಿ ಬೆರೆತದ್ದು ಹೊಲಕ್ಕೆ ಹೊಡೆಯುವ ಕೀಟನಾಶಕ. ಪೊಲೀಸರು ಕೆಲವೇ ದಿನಗಳಲ್ಲಿ ಆರೋಪಿಗಳನ್ನು ಬಂಧಿಸಿದರು. ಗುಡಿಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳವೇ ಕಾರಣವೆಂದರು. ಹಳೆಯ ಮಾದರಿಯ ಪತ್ತೇದಾರನಿಗೆ ಇಲ್ಲಿ ಕೆಲಸವೇ ಇಲ್ಲ. ಕಾದಂಬರಿಕಾರನ ಕೆಲಸ ಮಾತ್ರ ಇಲ್ಲಿಂದಲೇ ಶುರುವಾಗುತ್ತದೆ: ಒಂದು ಸಣ್ಣ ಗುಡಿಯ ಹುಂಡಿ, ಟ್ರಸ್ಟು, ಗೋಪುರ ಕಟ್ಟುವ ಆಸೆ ಇವೆಲ್ಲ ಸೇರಿ ಒಂದು ಪಾತ್ರೆ ಅನ್ನದವರೆಗೆ ಹೇಗೆ ಬಂದವು? ಬಂಧನದ ಸುದ್ದಿ ಓದಿ ಮುಗಿಸಿದ ಮೇಲೂ ಉಳಿಯುವ ಪ್ರಶ್ನೆ ಇದು.

ಕನ್ನಡದ ಪತ್ತೇದಾರಿ ಸಾಹಿತ್ಯ ಹುಟ್ಟಿದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಮೈಸೂರಿನ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು ಬರೆದ ‘ಚೋರಗ್ರಹಣ ತಂತ್ರ’ ನಮ್ಮ ಮೊದಮೊದಲ ಪತ್ತೇದಾರಿ ಬರಹಗಳಲ್ಲೊಂದು. ಅದರ ಹೆಸರಲ್ಲೇ ಉದ್ದೇಶ ಇದೆ. ಚೋರನನ್ನು ಹಿಡಿದರೆ ಕಥೆ ಮುಗಿಯಿತು. ಚಿಕ್ಕಮಗಳೂರಿನಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯಾಚೆ ಓದಲಾಗದ ಎನ್. ನರಸಿಂಹಯ್ಯನವರು 1950ರ ದಶಕದಿಂದ ಈ ಸೂತ್ರವನ್ನು ಮನೆಮನೆಗೆ ತಲುಪಿಸಿದರು. ಅವರ ಪತ್ತೇದಾರ ಪುರುಷೋತ್ತಮ ಐನೂರು ದಾಟಿದ ಕಾದಂಬರಿಗಳ ರಾಶಿಯಲ್ಲಿ ಎಲ್ಲರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದವನು. ಹಳದಿ-ಕೆಂಪು ಕನ್ನಡ ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಈ ಪ್ರಕಾರದಲ್ಲಿ ದುಡಿದವರೇ. ಅವರು ಹುಟ್ಟಿದ್ದು ನಂಜನಗೂಡಿನಲ್ಲಿ. ಮೈಸೂರಿನಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸೂ ಚಾಮರಾಜನಗರದಲ್ಲಿ ಕೊನೆಯಾಗುವ ರೈಲೂ ಆ ಊರನ್ನು ಹಾದೇ ಬರುತ್ತವೆ. ಕನ್ನಡ ಚಳವಳಿಯ ಮನುಷ್ಯನೊಬ್ಬ ಪತ್ತೇದಾರಿ ಕಾದಂಬರಿಗೆ ಕೈಹಾಕಿದ್ದು ಆಕಸ್ಮಿಕವೇನಲ್ಲ. ಕನ್ನಡ ಓದುವ ಅಭ್ಯಾಸವನ್ನೇ ಹುಟ್ಟಿಸಬೇಕಾಗಿದ್ದ ಕಾಲ ಅದು, ಅದಕ್ಕೆ ಇದಕ್ಕಿಂತ ಚುರುಕಾದ ಸಾಧನ ಸಿಗುತ್ತಿರಲಿಲ್ಲ.

ಹಾಗಾದರೆ ನೆಲ, ಮನೆತನ ಎಂದೆಲ್ಲ ಮಾತಾಡುವುದು ಪಂಡಿತರ ಬಿಂಕವಲ್ಲವೇ, ನರಸಿಂಹಯ್ಯನವರನ್ನು ವಿಮರ್ಶಕರು ದಶಕಗಳ ಕಾಲ ಹೊಸ್ತಿಲಾಚೆ ನಿಲ್ಲಿಸಿದ್ದೂ ಇಂಥ ಬಿಂಕದಿಂದಲೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಆ ಕಾದಂಬರಿಗಳಿಂದ ಓದು ಕಲಿತವರ ಸಂಖ್ಯೆ ದೊಡ್ಡದು, ಅವುಗಳನ್ನು ನಕ್ಕು ತಳ್ಳಿಹಾಕಿದವರು ಕನ್ನಡಕ್ಕೆ ಉಪಕಾರವನ್ನೇನೂ ಮಾಡಲಿಲ್ಲ. ಆದರೆ ಕೃತಜ್ಞತೆಯೇ ಬೇರೆ, ಇವತ್ತಿನ ಆಯ್ಕೆಯೇ ಬೇರೆ. ಕೊಲೆಗಾರನ ಹೆಸರಿನ ಮೇಲೆ ಮಾತ್ರ ನಿಂತ ಪುಸ್ತಕವನ್ನು ಎರಡನೇ ಸಲ ಓದಲಾಗುವುದಿಲ್ಲ. ಬಾಡಿಗೆ ಲೈಬ್ರರಿಗಳಿಂದ ದಿನದ ಲೆಕ್ಕದಲ್ಲಿ ತಂದು ಓದುವಾಗ ಅದೊಂದು ಕೊರತೆಯೇ ಆಗಿರಲಿಲ್ಲ. ಮುಗಿದ ಪುಸ್ತಕ ವಾಪಸ್ಸು ಹೋಗುತ್ತಿತ್ತು, ಮುಂದಿನದು ಬರುತ್ತಿತ್ತು. ಈಗ ಆ ಜಾಗವನ್ನು ಮೊಬೈಲಿನ ವೆಬ್‌ಸರಣಿ ಹಿಡಿದಿದೆ. ಬರೀ ತಿರುವುಗಳನ್ನು ಕೊಡುವುದರಲ್ಲಿ ಕಾದಂಬರಿ ಅದರ ಜೊತೆ ಓಡಿ ಗೆಲ್ಲಲಾರದು. ಅಕ್ಷರಕ್ಕೆ ಮಾತ್ರ ಸಾಧ್ಯವಾದದ್ದನ್ನು ಕೊಡುವ ಪುಸ್ತಕವನ್ನು ಹುಡುಕಿಕೊಳ್ಳುವುದೇ ಓದುಗನಿಗೆ ಲಾಭ.

ಇನ್ನೊಂದು ಮಾತೂ ಇದೆ. ಗೊತ್ತಿರುವ ಕಥೆಯಲ್ಲಿ ಕುತೂಹಲ ಹುಟ್ಟಿಸುವ ವಿದ್ಯೆಯನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಮಲೆ ಮಾದೇಶ್ವರನ ಮಹಾಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಕೂತವರಲ್ಲಿ ಕಥೆ ಗೊತ್ತಿಲ್ಲದವರು ಯಾರೂ ಇರುವುದಿಲ್ಲ. ಆದರೂ ಸಂಕಮ್ಮನ ಸಾಲು ಬಂದಾಗ ಮಂದಿ ಮೈಯೆಲ್ಲ ಕಿವಿಯಾಗುತ್ತಾರೆ. ಜೇನಿಗೆಂದು ಕಾಡಿಗೆ ಹೊರಟ ಸೋಲಿಗರ ನೀಲೇಗೌಡ, ತಾನಿಲ್ಲದಾಗ ಪತಿವ್ರತೆಯಾಗಿರುತ್ತೇನೆಂದು ಬಲಗೈ ಭಾಷೆ ಕೊಡುವಂತೆ ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳನ್ನು ಹಿಂಸಿಸಿ ಗುಡಿಸಲಲ್ಲಿ ಬಂಧಿಸಿಟ್ಟು ಅವನು ಹೋಗುತ್ತಾನೆ. ಜಂಗಮನ ರೂಪದಲ್ಲಿ ಮಾದೇಶ್ವರ ಬರುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಗಂಡ ತಿರುಗಿ ಬಂದು ಬಸುರಿ ಹೆಂಡತಿಯನ್ನು ನೋಡುತ್ತಾನೆ. ಅಪರಾಧಿ ಯಾರೆಂಬುದು ಮೊದಲ ಸೊಲ್ಲಿನಿಂದಲೇ ಸ್ಪಷ್ಟ. ಎದೆ ಹೊಡೆದುಕೊಳ್ಳುವುದು ಬೇರೊಂದು ಕಾರಣಕ್ಕೆ: ಗಂಡನ ಅನುಮಾನ ಎಲ್ಲಿಗೆ ಹೋಗಿ ನಿಂತೀತು, ಒಂದು ಭಾಷೆ ಕೊಡಲೊಪ್ಪದ ಹೆಣ್ಣಿಗೆ ಎಷ್ಟು ಬೆಲೆ ಬಿದ್ದೀತು? ಪಿ.ಕೆ. ರಾಜಶೇಖರ ಅವರಂಥವರು ಸಂಗ್ರಹಿಸಿಕೊಟ್ಟಿರುವ ಈ ಕಾವ್ಯವನ್ನು ಜಾನಪದದ ಕಪಾಟಿನಿಂದ ಈಚೆಗೆ ತಂದು ಸಸ್ಪೆನ್ಸ್ ಕಥನವಾಗಿ ಓದಿದರೆ, ನಮ್ಮ ಕಾದಂಬರಿಕಾರರು ಇಂಗ್ಲಿಷಿನಿಂದ ತಂದ ಎಷ್ಟೋ ತಂತ್ರಗಳು ಮನೆಯ ಅಟ್ಟದಲ್ಲೇ ಇದ್ದವೆಂಬುದು ಕಾಣುತ್ತದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮತ್ತು 2021ರಲ್ಲಿ ಬಂದ ‘ಸಕೀನಾಳ ಮುತ್ತು’ ಈ ಸಾಲಿಗೆ ಸೇರುತ್ತವೆ. ಪ್ರಕಾಶಕರು ಇವುಗಳ ಮೇಲೆ ಥ್ರಿಲ್ಲರ್ ಎಂಬ ಚೀಟಿ ಅಂಟಿಸಿಲ್ಲ, ಅಂಟಿಸಿದ್ದರೂ ತಪ್ಪಾಗುತ್ತಿರಲಿಲ್ಲ. ಮೊದಲನೆಯದರಲ್ಲಿ ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಕಂಡ ಕುಟುಂಬವೊಂದಿದೆ. ಮನೆಯೊಳಗೆ ಇರುವೆಗಳನ್ನು ಕೊಲ್ಲುವ ಉತ್ಸಾಹ, ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಎಲ್ಲರೂ ಸೇರಿ ಅಟ್ಟುವ ರೀತಿ, ಸೊಸೆಯ ನೇರ ಮಾತು ಎಲ್ಲವೂ ಒಂದೊಂದಾಗಿ ಕೂಡುತ್ತ ಹೋಗುತ್ತವೆ. ಕೊನೆಯನ್ನು ಇಲ್ಲಿ ಹೇಳಿಬಿಡುವುದು ತರವಲ್ಲ. ಪುಸ್ತಕ ಮುಚ್ಚಿಟ್ಟ ಮೇಲೆ ಓದುಗ ಮತ್ತೆ ಮೊದಲ ಪುಟ ತೆರೆಯುತ್ತಾನೆ ಎಂದಷ್ಟೇ ಹೇಳಬಹುದು. ಎರಡನೆಯದರಲ್ಲಿ ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಮನೆ ಬಾಗಿಲಿಗೆ ಬರುತ್ತಾರೆ, ಮಗಳು ಫೋನಿಗೆ ಸಿಗದ ಹಳ್ಳಿಯಲ್ಲಿದ್ದಾಳೆ. ಅಪ್ಪನ ಆತಂಕ ಬಿಚ್ಚಿಕೊಳ್ಳುತ್ತ ಹೋದಂತೆ ಅನುಮಾನ ಹುಡುಗರಿಂದ ಅಪ್ಪನ ಕಡೆಗೇ ತಿರುಗುತ್ತದೆ. ನೀಲೇಗೌಡನ ವಂಶದ ಕುಡಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬದುಕಿದ್ದಾನೆ. ‘ದೃಶ್ಯ’ ಸಿನಿಮಾ ನೋಡಿದವರಿಗೆ ಈ ಜಾಡು ಹೊಸದಲ್ಲ: ಕೊಂದವರು ಯಾರೆಂದು ಕಣ್ಣಾರೆ ಕಂಡ ಮೇಲೆಯೇ ಅಲ್ಲಿ ಕುತೂಹಲ ಏರುತ್ತದೆ. ಜಪಾನಿನ ಕೀಗೊ ಹಿಗಾಶಿನೊ 2005ರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಕಾದಂಬರಿಯಲ್ಲಿ ಮಾಡಿದ್ದೂ, ಮಾರ್ಕ್ವೆಜ್ 1981ರ ‘ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್’ನಲ್ಲಿ ಇಡೀ ಊರಿಗೆ ಮೊದಲೇ ಗೊತ್ತಿದ್ದ ಕೊಲೆಯನ್ನು ಹೇಳಿದ್ದೂ ಇದೇ ಜಾಣ್ಮೆಯಿಂದ.

ಮನೆಯಿಂದ ಕಾಡಿಗೆ ಬಂದರೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇದೆ. 1994ರ ಪುಸ್ತಕವನ್ನು ಹೊಸದೆನ್ನಲಾಗದು. ಆದರೆ ಹೊಸಬರನ್ನು ಅಳೆಯುವ ಕೋಲು ಈಗಲೂ ಅದೇ. ಯಾಲಕ್ಕಿ ಮಾರಿದ ದುಡ್ಡು ಹಿಡಿದುಕೊಂಡು ಹೊರಟ ಗಂಡ ಹೆಂಡತಿಯ ಒಂದು ದಿನದ ಕಥೆಯಲ್ಲಿ ಕಾಡಿನ ಕಳ್ಳಸಾಗಣೆ, ಹಳಗನ್ನಡದ ಕಾವ್ಯವೊಂದರಲ್ಲಿ ಅಡಗಿದ ಸಂಕೇತ, ಮಲೆನಾಡಿನ ಹಾಳಾದ ವ್ಯವಹಾರ ಎಲ್ಲ ಒಂದೇ ಗಂಟಿಗೆ ಬೀಳುತ್ತವೆ. ಖಳರು ಇದ್ದಾರೆ, ಆದರೆ ಅವರನ್ನು ಹಿಡಿದರೆ ಏನೂ ಬಗೆಹರಿಯುವುದಿಲ್ಲ. ಜುಗಾರಿ ಕ್ರಾಸ್ ಎಂಬ ಜಾಗವೇ ಅಪರಾಧಿ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್‌ನ ಕಾಡಿನ ಕಥೆಗಳನ್ನೂ ಇದೇ ಕಣ್ಣಿನಿಂದ ಓದಬೇಕು. ನರಭಕ್ಷಕನ ಕಥೆ ಶುದ್ಧ ಪತ್ತೇದಾರಿ ಕಥೆ: ಹೆಜ್ಜೆಗುರುತು, ಎಳೆದ ಜಾಡು, ಬಲಿಯಾದವರ ಊರುಗಳ ನಕ್ಷೆ, ಸಾಕ್ಷಿಗಳ ಹೆದರಿಕೆ. ವ್ಯತ್ಯಾಸ ಒಂದೇ, ಕೊಲ್ಲುವ ಪ್ರಾಣಿಗೆ ದ್ವೇಷವಿಲ್ಲ. ಹುಲಿ ಮನುಷ್ಯನ ತಂಟೆಗೆ ಬಂದದ್ದು ಏಕೆ ಎಂಬ ಪ್ರಶ್ನೆ ಹಳೆಯ ಗಾಯಕ್ಕೋ ಮುರಿದ ಹಲ್ಲಿಗೋ ಕರೆದೊಯ್ಯುತ್ತದೆ, ಎಷ್ಟೋ ಸಲ ಆ ಗಾಯದ ಹಿಂದೆ ಬಂದೂಕು ಹಿಡಿದ ಮನುಷ್ಯನೇ ಇರುತ್ತಾನೆ. ಈ ಬಗೆಯ ಬರವಣಿಗೆಯ ಬೇರುಗಳಲ್ಲೊಂದು ಚಾಮರಾಜನಗರದಲ್ಲೇ ಇದೆ. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಉಸ್ತುವಾರಿಗೆ ಬಂದು, ಈ ಭಾಗದಲ್ಲಿ ನೆಲೆಯೂರಿ, 1870ರ ದಶಕದಲ್ಲಿ ಇಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ತನ್ನ ಹದಿಮೂರು ವರ್ಷದ ಕಾಡಿನ ಅನುಭವದ ಪುಸ್ತಕದಲ್ಲಿ ಇಲ್ಲಿನ ನರಭಕ್ಷಕ ಹೆಣ್ಣುಹುಲಿಯೊಂದರ ಬೆನ್ನುಹತ್ತಿದ ಕಥೆಯಿದೆ.

ಆ ಕಥೆ ನಿಂತಿಲ್ಲ. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಹಿಡಿಯಲು ಸಾಕಾನೆಗಳು, ಕ್ಯಾಮೆರಾ ಟ್ರ್ಯಾಪುಗಳು, ಅರಿವಳಿಕೆ ಬಂದೂಕುಗಳು ಎಲ್ಲ ಬಂದವು. ಹುಲಿಯ ಮೈಮೇಲಿನ ಪಟ್ಟೆ ಬೆರಳಚ್ಚಿನ ಹಾಗೆ, ಒಂದರದು ಇನ್ನೊಂದಕ್ಕಿಲ್ಲ. ಕೊಂದದ್ದು ಯಾವುದು, ಸುಮ್ಮನೆ ಹಾದುಹೋದದ್ದು ಯಾವುದು ಎಂದು ಗುರುತಿಸುವುದೇ ತನಿಖೆಯ ತಿರುಳು. ಅಕ್ಟೋಬರ್ ನಡುವೆ ಹುಲಿ ಜೀವಂತ ಸಿಕ್ಕಿತು. ದನ ಕಳೆದುಕೊಂಡವರ ಸಿಟ್ಟು, ಇಲಾಖೆಯ ಮೇಲಿನ ಒತ್ತಡ, ಗುಂಡಿಕ್ಕಬೇಕೋ ಬೇಡವೋ ಎಂಬ ಜಗಳ ಎಲ್ಲ ಬೇಕಾದ ಕಾದಂಬರಿಗೆ ಇದಕ್ಕಿಂತ ಬಿಗಿಯಾದ ಹಂದರ ಬೇರೆ ಬೇಕಿಲ್ಲ. ಅನುಷ್ ಶೆಟ್ಟಿಯವರ ‘ಕಳ್ಬೆಟ್ಟದ ದರೋಡೆಕೋರರು’, ‘ಜೋಡ್ಪಾಲ’, ಎರಡು ಭಾಗಗಳಲ್ಲಿ ಬಂದ ‘ಹುಲಿ ಪತ್ರಿಕೆ’ ಗಮನಕ್ಕೆ ಬರಬೇಕಾದದ್ದು ಈ ಹಿನ್ನೆಲೆಯಲ್ಲಿ. ಹೆಸರುಗಳನ್ನೇ ನೋಡಿ: ಬೆಟ್ಟ, ಘಾಟಿ ರಸ್ತೆಯ ಮೇಲಿನ ಊರು, ಮೃಗ. ಪುರುಷೋತ್ತಮನ ಕಾಲದ ಶೀರ್ಷಿಕೆಗಳಲ್ಲಿ ಮನುಷ್ಯರಿದ್ದರು. ಹೊಸಬನ ಶೀರ್ಷಿಕೆಯಲ್ಲಿ ಜಾಗಗಳೂ ಮೃಗವೂ ಬಂದು ಕೂತಿವೆ.

ಕೆ.ಎನ್. ಗಣೇಶಯ್ಯನವರ ವಿಷಯಕ್ಕೆ ಬಂದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ವೃತ್ತಿಯಿಂದ ಕೃಷಿ ವಿಜ್ಞಾನಿಯಾದ ಇವರ ‘ಕನಕ ಮುಸುಕು’ ಹುಟ್ಟಿದ್ದು ಒಂದು ನಿಜವಾದ ವಿದ್ವತ್ ಜಗಳದ ಸುತ್ತ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಹೌದಾದರೆ ಅಮೆರಿಕದ ಬೆಳೆಯೊಂದು ಕೊಲಂಬಸನಿಗಿಂತ ಇನ್ನೂರು ವರ್ಷ ಮೊದಲೇ ಕಾವೇರಿ ದಂಡೆಗೆ ಬಂದದ್ದು ಹೇಗೆ? 1989ರಲ್ಲಿ ಇಬ್ಬರು ವಿದ್ವಾಂಸರು ಅದು ಜೋಳವೇ ಎಂದು ಪ್ರಬಂಧ ಬರೆದರು. 1990ರ ದಶಕದ ಮೊದಲ ವರ್ಷಗಳಲ್ಲಿ ಭಾರತದ ವಿಜ್ಞಾನಿಗಳು ಅಲ್ಲವೆಂದು, ಅದು ಮುತ್ತಿನ ಕಲ್ಪಿತ ಫಲವಿರಬಹುದೆಂದು ಉತ್ತರ ಕೊಟ್ಟರು. ಕಾದಂಬರಿ ಈ ಬಿರುಕಿನಲ್ಲಿ ನುಸುಳುತ್ತದೆ. ‘ಕರಿಸಿರಿಯಾನ’ ವಿಜಯನಗರದಿಂದ ಆನೆಗಳ ಮೇಲೆ ಹೊರಟ ಸಂಪತ್ತಿನ ಬೆನ್ನುಹತ್ತುತ್ತದೆ. ಅಡಿಟಿಪ್ಪಣಿ, ಆಕರ, ಚಿತ್ರ ಎಲ್ಲವನ್ನೂ ಪುಟದಲ್ಲೇ ಇಡುವ ಈ ಬರವಣಿಗೆಯಲ್ಲಿ ಪಾತ್ರಗಳು ಕೆಲವೊಮ್ಮೆ ಮಾಹಿತಿಯ ಮೂಟೆ ಹೊರುವ ಆಳುಗಳಂತೆ ಕಾಣುತ್ತವೆ, ಸಂಭಾಷಣೆ ಉಪನ್ಯಾಸವಾಗಿಬಿಡುತ್ತದೆ. ಆ ದೋಷವನ್ನು ಒಪ್ಪಿಕೊಂಡೇ ಹೇಳಬೇಕು: ಪುಸ್ತಕ ಮುಗಿಸಿದವರು ಸೋಮನಾಥಪುರಕ್ಕೆ ಹೋಗಿ ಶಿಲ್ಪದ ಕೈ ನೋಡುವಂತೆ ಮಾಡುವ ಕಾದಂಬರಿ ಕನ್ನಡದಲ್ಲಿ ಹೆಚ್ಚಿಲ್ಲ.

ಗಣೇಶಯ್ಯನವರಿಗೆ ಈ ಜಿಲ್ಲೆಯ ನಂಟು ಬೇರೊಂದು ದಾರಿಯಿಂದಲೂ ಇದೆ. ಆರ್. ಉಮಾಶಂಕರ್, ಕಮಲ್ ಬಾವಾ ಮೊದಲಾದವರ ಜೊತೆ 1990ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಕಿರು ಅರಣ್ಯ ಉತ್ಪನ್ನಗಳ ಮೇಲೆ ನಡೆದ ಸಂಶೋಧನೆಯಲ್ಲಿ ಅವರ ಹೆಸರಿದೆ. ಆ ಬೆಟ್ಟದ ನೆಲ್ಲಿಮರಗಳ ಕಥೆಯೇ ಒಂದು ಪತ್ತೇದಾರಿ ಪ್ರಕರಣ. ನೆಲ್ಲಿ ಸೊರಗುತ್ತಿತ್ತು, ಸಸಿಗಳು ಏಳುತ್ತಿರಲಿಲ್ಲ. ಕಾಯಿ ಕೊಯ್ಯುವ ಸೋಲಿಗರ ಮೇಲೆ ಬೆರಳು ತೋರಿಸುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಸೋಲಿಗರು ಬೇರೆ ಹೆಸರು ಹೇಳಿದರು: ಉಪ್ಪಿಲು, ಅಂದರೆ ಮರದ ಮೇಲೆ ಬೆಳೆದು ರಸ ಹೀರುವ ಬಂದಳಿಕೆ. ಮುಂಚೆ ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ಅದನ್ನು ಹದ್ದುಬಸ್ತಿನಲ್ಲಿಡುತ್ತಿತ್ತು, ಬೆಂಕಿ ನಿಷೇಧವಾದ ಮೇಲೆ ಉಪ್ಪಿಲೂ ಲಂಟಾನವೂ ಏರಿದವು ಎಂಬುದು ಅವರ ಹೇಳಿಕೆ. ಮುಂದಿನ ಅಧ್ಯಯನಗಳು ಈ ಸಾಕ್ಷ್ಯವನ್ನು ಗಂಭೀರವಾಗಿ ತೆಗೆದುಕೊಂಡವು. ತಪ್ಪು ಆರೋಪಿ, ಯಾರೂ ಕೇಳದ ಸಾಕ್ಷಿ, ಕಾನೂನೇ ಸುಳಿವನ್ನು ಅಳಿಸಿದ ವಿಪರ್ಯಾಸ, ಒಳ್ಳೆಯ ರಹಸ್ಯ ಕಾದಂಬರಿಗೆ ಬೇಕಾದದ್ದೆಲ್ಲ ಇಲ್ಲಿದೆ. ಹೆಣವೊಂದು ಬೀಳದಿದ್ದರೆ ಥ್ರಿಲ್ಲರ್ ಆಗುವುದಿಲ್ಲ ಎನ್ನುವವರು ಮರವನ್ನು ಹೆಣವೆಂದು ಎಣಿಸಲು ಕಲಿಯಬೇಕಷ್ಟೆ.

ಈಗ ಗಟ್ಟಿಯಾದ ಆಕ್ಷೇಪ. ವೀರಪ್ಪನ್ ಕಾಲದ ನೋವು ಈ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಗಂಡನನ್ನು, ಮಗನನ್ನು ಕಳೆದುಕೊಂಡವರು ಬದುಕಿರುವಾಗ ಅದನ್ನು ಮನರಂಜನೆಯ ಸರಕು ಮಾಡುವುದು ಸರಿಯೇ? 1991ರಷ್ಟು ಹಿಂದೆಯೇ ಅವನ ಹೆಸರಿನ ಕನ್ನಡ ಸಿನಿಮಾ ಬಂತು, 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’, 2023ರಲ್ಲಿ ಒಟಿಟಿ ಸಾಕ್ಷ್ಯಸರಣಿಗಳು. ಮೀಸೆ, ಬಂದೂಕು, ಬೆನ್ನಟ್ಟುವಿಕೆ ಮತ್ತೆ ಮತ್ತೆ ತೆರೆಗೆ ಬಂದವು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ತಾಗುವುದು ಕೇಡಿಯನ್ನೇ ನಡುಮಧ್ಯೆ ನಿಲ್ಲಿಸುವ ಕಥನಕ್ಕೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಯ ವಿರುದ್ಧದ ದೌರ್ಜನ್ಯದ ದೂರುಗಳನ್ನು ಆಲಿಸಿತು, 2007ರಲ್ಲಿ ಆಯೋಗ ಸಂತ್ರಸ್ತರಿಗೆ ಪರಿಹಾರ ಕೊಡಿಸಿತು. ಕಾಡಿನೊಳಗೆ ಅವನು, ಊರೊಳಗೆ ಪೊಲೀಸರು, ನಡುವೆ ಅಕ್ಕಿ ಕೊಟ್ಟರೂ ಏಟು, ಕೊಡದಿದ್ದರೂ ಏಟು ಎಂಬ ಸ್ಥಿತಿಯಲ್ಲಿದ್ದ ಜನ. ಇವರ ಮೌನವೇ ನಿಜವಾದ ರಹಸ್ಯ, ಅದನ್ನು ಬಿಡಿಸುವ ಕಾದಂಬರಿ ಯಾರ ನೋವನ್ನೂ ಮಾರುವುದಿಲ್ಲ. ಹೀಗೆ ಬರೆಯಬಹುದೆಂಬುದಕ್ಕೆ ದಾಖಲೆಯೂ ಇದೆ. 1997ರಲ್ಲಿ ಬಂಡೀಪುರದ ಕಡೆಯಿಂದ ಅಪಹರಣಕ್ಕೊಳಗಾಗಿ 14 ದಿನ ವೀರಪ್ಪನ್‌ನ ಸೆರೆಯಲ್ಲಿದ್ದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಆ ದಿನಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹಕ್ಕಿ, ಆನೆ, ತಮಾಷೆ, ಭಯ ಎಲ್ಲ ಒಟ್ಟಿಗೇ ನಡೆಯುತ್ತವೆ. ಲೇಖಕರು ಬದುಕಿ ಬಂದರೆಂಬುದು ರಕ್ಷಾಪುಟದಿಂದಲೇ ಗೊತ್ತು, ಪುಟ ಮಾತ್ರ ತಿರುವುತ್ತಲೇ ಇರಬೇಕಾಗುತ್ತದೆ.

‘ಯಾರು’ ಎಂಬ ಪ್ರಶ್ನೆಯನ್ನು ಇಲ್ಲಿ ಪೂರ್ತಿ ಕೈಬಿಡಬಹುದೇ ಎಂದರೆ, ಇಲ್ಲ. 2002ರ ಆಗಸ್ಟ್ 25ರಂದು ಕೊಳ್ಳೇಗಾಲ ತಾಲ್ಲೂಕಿನ ಕಾಮಗೆರೆಯಿಂದ ವೀರಪ್ಪನ್ ಅಪಹರಿಸಿದ ಮಾಜಿ ಸಚಿವ ಎಚ್. ನಾಗಪ್ಪ ಅವರ ಶವ ಡಿಸೆಂಬರ್ 8ರಂದು ಕಾಡಿನಲ್ಲಿ ಸಿಕ್ಕಿತು. ಅವರು ಯಾರ ಗುಂಡಿಗೆ ಬಲಿಯಾದರೆಂಬ ವಿವಾದ ಎರಡು ರಾಜ್ಯಗಳ ನಡುವೆ ಎದ್ದಿತು. ಒತ್ತೆಯಾಳನ್ನು ಒಯ್ದವನ ಹೆಸರು ಗೊತ್ತಿದ್ದಾಗಲೂ ಗುಂಡು ಯಾವ ಕಡೆಯಿಂದ ಬಂತೆಂಬ ಅನುಮಾನ ಏಳುವುದು ಎಂಥ ಸನ್ನಿವೇಶದಲ್ಲಿ? ಹೆಸರು ಹುಡುಕುವ ಪ್ರಶ್ನೆ ಇಲ್ಲಿ ಗಡಿ, ಅಧಿಕಾರ, ಎರಡು ಸರ್ಕಾರಗಳ ನಡುವಿನ ಅಪನಂಬಿಕೆ ಎಲ್ಲವನ್ನೂ ಎಳೆದು ತರುತ್ತದೆ.

ಬರೆಯುವವರಿಗೆ ಸಾಮಗ್ರಿಯ ಬರವಂತೂ ಇಲ್ಲ. ಗುಂಡ್ಲುಪೇಟೆಯಿಂದ ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ. ಮದ್ದೂರು ಚೆಕ್‌ಪೋಸ್ಟಿನ ಗೇಟು ಬಿದ್ದ ಮೇಲೆ ಒಳಗಿದ್ದವರು ಯಾರು, ಹೊರಗುಳಿದವರು ಯಾರು ಎಂಬುದಕ್ಕೆ ಲೆಕ್ಕವಿರುತ್ತದೆ. ಬೀಗ ಹಾಕಿದ ಕೋಣೆಯೊಳಗಿನ ಕೊಲೆಗಾಗಿ ಇಂಗ್ಲಿಷ್ ಲೇಖಕರು ಬಂಗಲೆಗಳನ್ನು ಕಟ್ಟಬೇಕಾಯಿತು, ಇಲ್ಲಿ ಸರ್ಕಾರವೇ ದಿನಾ ರಾತ್ರಿ ಒಂದು ಕಾಡಿಗೆ ಬೀಗ ಹಾಕುತ್ತದೆ. ಮೂರು ರಾಜ್ಯಗಳ ಪೊಲೀಸರು, ಮೂರು ಭಾಷೆಗಳ ಹೇಳಿಕೆಗಳು, ಗಡಿಯ ಆಚೆ ತಾಳವಾಡಿಯಲ್ಲೂ ಕನ್ನಡವೇ ಆಡುವ ಊರುಗಳು. ಅಮೆರಿಕದಲ್ಲಿ ಟೋನಿ ಹಿಲ್ಲರ್‌ಮನ್ 1970ರಿಂದ ನವಾಹೊ ಬುಡಕಟ್ಟಿನ ಪೊಲೀಸರನ್ನು ಪತ್ತೇದಾರರನ್ನಾಗಿ ಮಾಡಿ ಮರುಭೂಮಿಯ ಜ್ಞಾನವನ್ನೇ ತನಿಖೆಯ ವಿದ್ಯೆಯಾಗಿಸಿದ. ಅವನು ಆ ಬುಡಕಟ್ಟಿನವನಲ್ಲ, ಆ ಕಾರಣಕ್ಕೆ ಟೀಕೆಗೂ ಗುರಿಯಾದ. ಸೋಲಿಗ ಫಾರೆಸ್ಟ್ ವಾಚರ್ ಒಬ್ಬನನ್ನು ಕನ್ನಡದ ಪತ್ತೇದಾರನಾಗಿ ನಿಲ್ಲಿಸುವವರಿಗೂ ಆ ಟೀಕೆ ಕಾದಿರುತ್ತದೆ. ಅದನ್ನು ಎದುರಿಸಬಲ್ಲ ಬರಹಗಾರರು ಜಿಲ್ಲೆಯಲ್ಲೇ ಹುಟ್ಟುತ್ತಿದ್ದಾರೆ. ಹನೂರು ಸೀಮೆಯ ಸ್ವಾಮಿ ಪೊನ್ನಾಚಿ ಅವರ ‘ಧೂಪದ ಮಕ್ಕಳು’ ಕಥಾಸಂಕಲನಕ್ಕೆ 2020ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಬಂದಿದೆ. ಅದು ಥ್ರಿಲ್ಲರ್ ಅಲ್ಲ. ಆದರೆ ಠಾಣೆಯ ಮುಂದೆ ಕೂತ ಮುದುಕಿ ಇನ್‌ಸ್ಪೆಕ್ಟರಿಗೆ ಯಾವ ಮಾತು ಹೇಳುತ್ತಾಳೆ, ಯಾವುದನ್ನು ನುಂಗಿಕೊಳ್ಳುತ್ತಾಳೆ ಎಂಬುದನ್ನು ಬರೆಯಬೇಕಾದರೆ ಬೇಕಾಗುವುದು ಬೆಂಗಳೂರಿನ ಪುಸ್ತಕದ ಕನ್ನಡವಲ್ಲ, ಆ ಸೀಮೆಯ ಕನ್ನಡ. ಅದು ಈಗಾಗಲೇ ಅಚ್ಚಿನಲ್ಲಿದೆ.